ರಿಂಕೊನಾಡಾ ಕಣಿವೆಗೆ ಎರಡನೇ ಸಲ

ಮೊದಲ ಸಲ ರಿಂಕೊನಾಡಾ ಕಣಿವೆಗೆ ಹೋದಾಗ ನನಗೆ ಕಂಡಿದ್ದು ಬಂಡೆಗಳ ಮೇಲೆ ಕೆತ್ತಿದ ಹತ್ತೋ ಹನ್ನೆರಡೋ ಹಳೆಯ ಚಿತ್ರ. ಆ ದಾರಿಯಲ್ಲಿರುವುದು ಸುಮಾರು 300! ತಪ್ಪು ನನ್ನದೇ. ಜುಲೈ ತಿಂಗಳು, ಹನ್ನೊಂದು ಗಂಟೆ ಬಿಸಿಲು, ಕೈಯಲ್ಲಿ ಅರ್ಧ ಲೀಟರ್ ನೀರು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ಊರಿನ ಅಂಚಿನಲ್ಲೇ ಇರುವ ಜಾಗ ಅಲ್ವಾ, ಸುಮ್ನೆ ಒಂದು ಸುತ್ತು ಹಾಕಿ ಬರೋಣ ಅಂತ ಹೊರಟಿದ್ದೆವು. ಅಲ್ಲಿ ನೆರಳೇ ಇಲ್ಲ. ಬೆವರು ಬಂದದ್ದು ಗೊತ್ತಾಗುವ ಮೊದಲೇ ಆರಿಹೋಗುತ್ತದೆ. ಅರ್ಧ ದಾರಿಗೇ ತಲೆನೋವು ಬಂದು ವಾಪಸಾದೆವು.

ಎರಡನೇ ಸಲ ಜನವರಿಯಲ್ಲಿ, ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೇ ಹೋದೆವು. ತಲೆಗೆ ಎರಡು ಲೀಟರ್ ನೀರು, ಒಂದಿಷ್ಟು ಚಕ್ಕುಲಿ, ಒಂದು ಬೈನಾಕ್ಯುಲರ್. ದಾರಿ ಒಟ್ಟು ಮೂರೂವರೆ ಕಿಲೋಮೀಟರ್. ಏರು ಇಲ್ಲವೆಂದೇ ಹೇಳಬೇಕು, ಆದರೆ ಮರಳಿನಲ್ಲಿ ಕಾಲು ಹೂತು ಮೀನಖಂಡ ಹಿಡಿದುಕೊಳ್ಳುತ್ತದೆ.

ಬಂಡೆಗಳೆಲ್ಲ ಹಳೆಯ ಜ್ವಾಲಾಮುಖಿಯ ಲಾವಾ. ಮೇಲೆ ಕಬ್ಬಿಣ, ಮ್ಯಾಂಗನೀಸ್ ಸೇರಿದ ಕಪ್ಪು ಪದರ ಕೂತಿದೆ. ಅದನ್ನು ಕಲ್ಲಿನಿಂದ ಕುಟ್ಟಿ ಎಬ್ಬಿಸಿದರೆ ಒಳಗಿನ ತಿಳಿ ಬೂದು ಕಾಣುತ್ತದೆ. ಚಿತ್ರ ಅಂದರೆ ಅಷ್ಟೇ. ನೆತ್ತಿ ಬಿಸಿಲಿಗೆ ಕಪ್ಪೂ ಬೂದೂ ಒಂದೇ ಥರ ಹೊಳೆಯುತ್ತವೆ. ಚಳಿಗಾಲದ ಓರೆ ಬಿಸಿಲಿಗೆ ಒಂದೊಂದು ಕುಟ್ಟಿದ ಗುಳಿಯೂ ಎದ್ದು ಕಾಣಿಸಿತು. ಒಂದು ಹಕ್ಕಿ. ಪಕ್ಕದಲ್ಲಿ ಅಂಗೈ. ಅದರ ಮೇಲಿನ ಬಂಡೆಯಲ್ಲಿ ಮುಖವಾಡದಂಥ ಮುಖ. ಒಂದು ಸಿಕ್ಕಿದ ಮೇಲೆ ನಾನು ಕದಲದೆ ನಿಂತು ಸುತ್ತಲೂ ನೋಡುತ್ತಿದ್ದೆ, ಇನ್ನೂ ನಾಲ್ಕು ಸಿಗುತ್ತಿದ್ದವು. ಬೈನಾಕ್ಯುಲರ್ ಇದ್ದುದರಿಂದ ಬಂಡೆ ಹತ್ತುವ ಆಸೆಯೂ ಬರಲಿಲ್ಲ. ಹತ್ತಲೂ ಬಾರದು, ಮುಟ್ಟಲೂ ಬಾರದು. ಕೈಯ ಜಿಡ್ಡಿಗೆ ಕೆತ್ತನೆ ಹಾಳಾಗುತ್ತದೆ. ಕಲ್ಲಿನ ಸಂದಿಗಳಲ್ಲಿ ವಿಷದ ಬುಡಬುಡಿಕೆ ಹಾವೂ (ರ್ಯಾಟಲ್‌ಸ್ನೇಕ್) ಇರಬಹುದು.

ಹೆಚ್ಚಿನ ಚಿತ್ರಗಳು 14ರಿಂದ 17ನೇ ಶತಮಾನದ ನಡುವೆ ಇಲ್ಲಿನ ಮೂಲನಿವಾಸಿಗಳಾದ ಪ್ಯೂಬ್ಲೋ ಜನ ಕುಟ್ಟಿದವು. ಶಿಲುಬೆಗಳೂ ಇವೆ, ಅವು ಆಮೇಲೆ ಬಂದ ಸ್ಪ್ಯಾನಿಷ್ ಜನರದು. 'ಪ್ರಾಚೀನ' ಅಂತ ಬರೆಯಲು ನನಗೆ ಮುಜುಗರ. ಪ್ಯೂಬ್ಲೋ ಜನ ಈಗಲೂ ಪಕ್ಕದ ಸ್ಯಾಂಡಿಯಾ, ಇಸ್ಲೇಟಾ ಊರುಗಳಲ್ಲಿದ್ದಾರೆ. ಅವರಿಗೆ ಇದು ಪವಿತ್ರ ಜಾಗ. ಕೆಲವು ಚಿತ್ರಗಳ ಅರ್ಥವನ್ನು ಅವರು ಹೊರಗಿನವರಿಗೆ ಹೇಳುವುದಿಲ್ಲ. ಹಾಗಾಗಿ ನಾವೂ ಊಹೆಯ ಆಟ ಬಿಟ್ಟೆವು.

ಮುಂದಿನ ಸಲ ಪಿಯೆದ್ರಾಸ್ ಮಾರ್ಕಾದಾಸ್ ಕಣಿವೆ. ಅಲ್ಲಿ ಚಿತ್ರಗಳು ಇನ್ನೂ ಜಾಸ್ತಿ, ಸುಮಾರು 400. ದಾರಿ ಶುರುವಾಗುವುದು ಮನೆಗಳ ಹಿತ್ತಲಿನ ಗೋಡೆಗಳ ಪಕ್ಕದಲ್ಲೇ.