ಜರಡಿಯಲ್ಲಿ ಉಳಿಯುವ ಚಿಪ್ಪುಗಳು: ನನ್ನ ಅನುಭವ

ಪಳೆಯುಳಿಕೆ ಅಂದರೆ ಎಲ್ಲರಿಗೂ ಡೈನೋಸಾರ್ ಮೂಳೆಯೇ ನೆನಪಾಗುತ್ತದೆ, ಅಲ್ವಾ? ನಾನು ಹುಡುಕುವುದು ಫೋರಾಮಿನಿಫೆರಾಗಳನ್ನು. ಇವು ಸಮುದ್ರದ ಏಕಕೋಶ ಜೀವಿಗಳು. ಹೆಚ್ಚಿನವಕ್ಕೆ ಸುಣ್ಣದ ಚಿಪ್ಪಿದೆ, ಗಾತ್ರ ಬಹುಪಾಲು ಒಂದು ಮಿಲಿಮೀಟರ್‌ಗಿಂತ ಕಡಿಮೆ. ಒಳ್ಳೆಯ ಜೇಡಿಕಲ್ಲಾದರೆ ಒಂದು ಹಿಡಿಯಲ್ಲೇ ಸಾವಿರಾರು ಸಿಗುತ್ತವೆ. ಯಾವ ಜಾತಿಗಳಿವೆ ಅಂತ ನೋಡಿ ಆ ಕಲ್ಲಿನ ಪದರ ಯಾವ ಕಾಲದ್ದು ಅಂತ ಹೇಳುತ್ತೇನೆ.

ಸ್ಯಾಂಪಲ್ ತೆಗೆಯುವಾಗ ಕೆಳಗಿನ ಪದರದಿಂದ ಶುರುಮಾಡಿ ಮೇಲಕ್ಕೆ ಹೋಗುತ್ತೇನೆ. ಮೇಲೆ ಅಗೆದಾಗ ಉದುರುವ ಪುಡಿ ಆಗ ಕೆಲಸ ಮುಗಿದ ಜಾಗಕ್ಕೆ ಬೀಳುತ್ತದೆ. ಸವೆದ ಹೊರಮೈ ಕೆತ್ತಿ ಹಾಕಿ, ಒಳಗಿನ ಹೊಸ ಕಲ್ಲನ್ನೇ ತೆಗೆಯಬೇಕು. ಚೀಲದ ಮೇಲೆ ಬರೆದ ನಂಬರನ್ನೇ ಒಳಗಿನ ಚೀಟಿಯಲ್ಲೂ, ಪುಸ್ತಕದಲ್ಲಿ ಬಿಡಿಸಿದ ಪದರಗಳ ಚಿತ್ರದಲ್ಲೂ ಬರೆಯುತ್ತೇನೆ. ಯಾವ ಪದರದ್ದು ಅಂತ ಗೊತ್ತಿಲ್ಲದ ಚಿಪ್ಪು ಎಷ್ಟೇ ಚೆಂದವಿದ್ದರೂ ಅದರಿಂದ ಕಾಲ ಹೇಳಲು ಆಗುವುದಿಲ್ಲ.

ಲ್ಯಾಬಿನಲ್ಲಿ ಕಲ್ಲನ್ನು ಒಣಗಿಸಿ, ಸಣ್ಣ ಚೂರು ಮಾಡಿ, ನೀರಿಗೆ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ನೆನೆಹಾಕುತ್ತೇನೆ. ನೊರೆ ಎದ್ದು ಜೇಡಿ ಬಿಡಿಬಿಡಿಯಾಗುತ್ತದೆ. ಆಮೇಲೆ 63 ಮೈಕ್ರಾನ್ (0.063 ಮಿಲಿಮೀಟರ್) ಕಣ್ಣಿನ ಜರಡಿಯಲ್ಲಿ ಮೆಲ್ಲಗೆ ನೀರು ಬಿಟ್ಟು ತೊಳೆಯುವುದು. ಕೆಸರು ಹರಿದುಹೋಗಿ ಚಿಪ್ಪು, ಮರಳು ಉಳಿಯುತ್ತವೆ.

ಇಲ್ಲೊಂದು ಹಳೆಯ ಉಪಾಯವಿದೆ, ನನಗೆ ತುಂಬಾ ಇಷ್ಟ. ಎಷ್ಟು ಉಜ್ಜಿದರೂ ಜರಡಿಯ ಕಣ್ಣಿನಲ್ಲಿ ಒಂದೆರಡು ಚಿಪ್ಪು ಸಿಕ್ಕಿಕೊಂಡೇ ಇರುತ್ತವೆ. ಅದಕ್ಕೆ ಪ್ರತಿ ಸ್ಯಾಂಪಲ್ ಆದಮೇಲೆ ಜರಡಿಯನ್ನು ಮೆಥಿಲೀನ್ ಬ್ಲೂ ದ್ರಾವಣದಲ್ಲಿ ಅದ್ದುತ್ತೇನೆ. ಸಿಕ್ಕಿಕೊಂಡ ಚಿಪ್ಪಿಗೆ ನೀಲಿ ಹತ್ತುತ್ತದೆ. ಮುಂದಿನ ಸ್ಯಾಂಪಲ್‌ನಲ್ಲಿ ನೀಲಿ ಚಿಪ್ಪು ಕಂಡರೆ ಅದು ಹಿಂದಿನದ್ದು, ಲೆಕ್ಕಕ್ಕಿಲ್ಲ.

ಒಣಗಿದ್ದನ್ನು ಕಪ್ಪು ತಟ್ಟೆಯಲ್ಲಿ ತೆಳ್ಳಗೆ ಹರಡಿ, ಮೈಕ್ರೋಸ್ಕೋಪಿನಡಿ ನೋಡುತ್ತಾ ಒದ್ದೆ ಬ್ರಷ್ಷಿನ ತುದಿಯಿಂದ ಒಂದೊಂದೇ ಆರಿಸುತ್ತೇನೆ. ಕುತ್ತಿಗೆ ನೋಯುತ್ತದೆ, ಆದರೂ ಎದ್ದು ಬರಲು ಮನಸ್ಸಾಗುವುದಿಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ಒಂದೇ ಒಂದು ಚಿಪ್ಪು ಪದರದ ಕಾಲವನ್ನೇ ತಪ್ಪಾಗಿ ಹೇಳಿಸಬಹುದು. ಇಟಲಿಯ ಗುಬ್ಬಿಯೋದಲ್ಲಿ 6.6 ಕೋಟಿ ವರ್ಷ ಹಿಂದಿನ ಒಂದು ತೆಳು ಜೇಡಿ ಪದರವಿದೆ. ಅದರ ಕೆಳಗಿನ ಸುಣ್ಣಕಲ್ಲಿನಲ್ಲಿ ಗ್ಲೋಬೋಟ್ರಂಕಾನಾ ಎಂಬ ದೊಡ್ಡ, ಅಲಂಕಾರದ ಫೋರಾಮಿನಿಫೆರಾಗಳು. ಮೇಲೆ ಪುಟಾಣಿ ಹೊಸ ಜಾತಿಗಳು. 1980ರಲ್ಲಿ ವಿಜ್ಞಾನಿ ಆಲ್ವಾರೆಜ್ ಅವರ ತಂಡ ಆ ಜೇಡಿಯಲ್ಲಿ, ಉಲ್ಕೆಗಳಲ್ಲಿ ಹೆಚ್ಚಾಗಿರುವ ಇರಿಡಿಯಂ ಲೋಹ ಜಾಸ್ತಿ ಇರುವುದನ್ನು ತೋರಿಸಿತು, ಆಕಾಶಕಾಯ ಅಪ್ಪಳಿಸಿದ ವಾದ ಅಲ್ಲಿಂದ ಬಂತು. ಡೈನೋಸಾರ್ ಕಾಲ ಮುಗಿದ ಗಡಿ ಎಲ್ಲಿದೆ ಅಂತ ಅದಕ್ಕೂ ಮೊದಲೇ ಹೇಳಿಕೊಟ್ಟಿದ್ದು ಈ ಚಿಪ್ಪುಗಳು.

ಹಳೆಯ ಪದರ ಕೊರೆದುಹೋಗಿ, ಅದರ ಚಿಪ್ಪು ಹೊಸ ಕೆಸರಿನಲ್ಲಿ ಸೇರುವುದೂ ಉಂಟು. ಬಣ್ಣ ಬೇರೆ, ಮೈ ಸವೆದಿದ್ದರೆ ನನಗೆ ಅನುಮಾನ. ಅಕ್ಕಪಕ್ಕದ ಜಾತಿಗಳನ್ನೆಲ್ಲ ಒಟ್ಟಿಗೆ ನೋಡದೆ ಕಾಲ ಬರೆಯುವುದಿಲ್ಲ. ತೈಲಬಾವಿ ಕೊರೆದಾಗ ಬರುವ ಚೂರಿನಲ್ಲಿ ಕಥೆ ಉಲ್ಟಾ: ಮೇಲಿನ ಎಳೆಯ ಪದರದ ಚಿಪ್ಪು ಕೆಳಕ್ಕೆ ಉದುರಿ ಬೆರೆಯುತ್ತದೆ. ಹಾಗಾಗಿ ಒಂದು ಜಾತಿ ಎಷ್ಟು ಆಳದವರೆಗೆ ಸಿಗುತ್ತದೆ ಅನ್ನುವುದನ್ನು ಅಲ್ಲಿ ನಂಬುವುದಿಲ್ಲ. ಮೇಲಿನಿಂದ ಇಳಿಯುತ್ತಾ ಅದು ಮೊದಲು ಕಂಡ ಆಳವನ್ನೇ ಬರೆದುಕೊಳ್ಳುತ್ತೇನೆ.