ಆಫ್ ಅಂದರೆ ಪೂರ್ತಿ ಆಫ್: ಆರ್‌ಎನ್‌ಎ ಸ್ವಿಚ್ ಕಟ್ಟಿದ ಅನುಭವ

ಮಂಗಳೂರಿನ ನಮ್ಮ ಲ್ಯಾಬ್‌ನಲ್ಲಿ ಇ. ಕೋಲೈ ಬ್ಯಾಕ್ಟೀರಿಯಾದೊಳಗೆ ನಾನು ಕಟ್ಟಿದ್ದು ಥಿಯೋಫಿಲಿನ್‌ಗೆ ಸ್ಪಂದಿಸುವ ಆರ್‌ಎನ್‌ಎ ಸ್ವಿಚ್, ಅಂದರೆ ಜೀನ್‌ನಿಂದ ಪ್ರೋಟೀನ್ ತಯಾರಾಗುವುದನ್ನು ಆನ್-ಆಫ್ ಮಾಡುವ ಆರ್‌ಎನ್‌ಎ ತುಣುಕು. ಥಿಯೋಫಿಲಿನ್ ಅಂದರೆ ಅಸ್ತಮಾಕ್ಕೆ ಕೊಡುವ ಹಳೇ ಔಷಧ. ಅದನ್ನು ಹಿಡಿಯುವ ಆರ್‌ಎನ್‌ಎ ತುಣುಕು 1994ರಿಂದಲೇ ಗೊತ್ತಿದೆ. ಇಂಥ ಸ್ವಿಚ್‌ಗಳು ಬ್ಯಾಕ್ಟೀರಿಯಾಗಳಲ್ಲಿ ಸಹಜವಾಗಿಯೇ ಇವೆ ಅಂತ 2002ರಲ್ಲಿ ಅಮೆರಿಕದ ವಿಜ್ಞಾನಿ ರೊನಾಲ್ಡ್ ಬ್ರೇಕರ್ ಅವರ ತಂಡ ವಿಟಮಿನ್ ಬಿ1, ಬಿ12 ವಿಷಯದಲ್ಲಿ ತೋರಿಸಿತ್ತು.

ಕೆಲಸ ನಡೆಯುವುದು ಹೀಗೆ. ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್ ಬಂದು ಕೂರುವ ಜಾಗವನ್ನು ಆರ್‌ಎನ್‌ಎ ತಾನೇ ಮಡಚಿಕೊಂಡು ಮುಚ್ಚಿಟ್ಟಿರುತ್ತದೆ. ಥಿಯೋಫಿಲಿನ್ ಅಂಟಿಕೊಂಡರೆ ಮಡಿಕೆ ಬದಲಾಗಿ ಜಾಗ ತೆರೆಯುತ್ತದೆ, ಪ್ರೋಟೀನ್ ತಯಾರಾಗುತ್ತದೆ. ನಾನು ಬಳಸಿದ್ದು ಹಸಿರಾಗಿ ಹೊಳೆಯುವ ಜಿಎಫ್‌ಪಿ ಎಂಬ ಪ್ರೋಟೀನ್.

ಇಡೀ ಕಷ್ಟ ಇರುವುದು ಮಧ್ಯದ ಲಿಂಕರ್‌ನಲ್ಲಿ, ಅಂದರೆ ಔಷಧ ಹಿಡಿಯುವ ತುಣುಕನ್ನೂ ರೈಬೋಸೋಮ್ ಕೂರುವ ಜಾಗವನ್ನೂ ಜೋಡಿಸುವ ಭಾಗದಲ್ಲಿ. ಮಡಿಕೆ ಬಿಗಿಯಾದರೆ ಸ್ವಿಚ್ ತೆರೆಯುವುದೇ ಇಲ್ಲ. ಸಡಿಲವಾದರೆ ಔಷಧ ಇಲ್ಲದೆಯೂ ಪ್ರೋಟೀನ್ ಸೋರುತ್ತದೆ. ಎಲ್ಲರ ಕಣ್ಣೂ ಆನ್ ಆದಾಗಿನ ಹೊಳಪಿನ ಮೇಲಿರುತ್ತದೆ. ನಾನು ಮೊದಲು ನೋಡುವುದು ಆಫ್‌ನ ಸೋರಿಕೆಯನ್ನು. ಆರ್‌ಎನ್‌ಎ ಹೇಗೆ ಮಡಚಿಕೊಳ್ಳುತ್ತದೆ ಅಂತ ಲೆಕ್ಕ ಹಾಕುವ ಆರ್‌ಎನ್‌ಎಫೋಲ್ಡ್ ಸಾಫ್ಟ್‌ವೇರ್‌ಗೆ ಸ್ವಿಚ್ ಭಾಗವನ್ನು ಮಾತ್ರ ಕೊಟ್ಟರೆ ಸಾಲದು, ಜೀನ್‌ನ ಮೊದಲ ಕೆಲವು ಕೋಡಾನ್‌ಗಳನ್ನೂ (ಮೂರು ಮೂರು ಅಕ್ಷರಗಳ ಸಂಕೇತಗಳು) ಸೇರಿಸಬೇಕು. ಅವೂ ಮಡಿಕೆಯಲ್ಲಿ ಕೈ ಹಾಕುತ್ತವೆ.

ಕಂಟ್ರೋಲ್‌ಗೆ, ಅಂದರೆ ಹೋಲಿಸಿ ನೋಡಲು, ಕೆಫೀನ್‌ಗಿಂತ ಒಳ್ಳೆಯದಿಲ್ಲ. ಥಿಯೋಫಿಲಿನ್‌ಗೂ ಅದಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಮೀಥೈಲ್ ಗುಂಪು. ಆದರೂ ಈ ಆರ್‌ಎನ್‌ಎ ಕೆಫೀನ್‌ಅನ್ನು ಸುಮಾರು 10,000 ಪಟ್ಟು ದುರ್ಬಲವಾಗಿ ಹಿಡಿಯುತ್ತದೆ! ನೀಲಿ ದೀಪದ ಕೆಳಗೆ ಎರಡು ಟ್ಯೂಬ್ ಪಕ್ಕಪಕ್ಕ ಹಿಡಿದೆ. ಥಿಯೋಫಿಲಿನ್ ಹಾಕಿದ್ದು ಹಸಿರು, ಕೆಫೀನ್ ಹಾಕಿದ್ದು ಮಂಕು. ತುಂಬಾ ಖುಷಿಯಾಯಿತು. ಆದರೆ ಕಣ್ಣನ್ನು ನಂಬಿ ಕೂರುವಂತಿಲ್ಲ, ಅಲ್ವಾ? ಥಿಯೋಫಿಲಿನ್ ಜಾಸ್ತಿಯಾದರೆ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತದೆ. ಹಾಗಾಗಿ ಹೊಳಪಿನ ಅಂಕಿಯನ್ನು ಒಡಿಯಿಂದ (ಬ್ಯಾಕ್ಟೀರಿಯಾ ಎಷ್ಟು ಬೆಳೆದಿದೆ ಅಂತ ತೋರಿಸುವ ಅಳತೆ) ಭಾಗಿಸಿಯೇ ಹೋಲಿಸಬೇಕು. ಔಷಧವನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ್ದರೆ, ಔಷಧ ಹಾಕದ ಟ್ಯೂಬ್‌ಗೂ ಅಷ್ಟೇ ಡಿಎಂಎಸ್‌ಒ ಬೀಳಬೇಕು.

ನಮ್ಮ ಕರಾವಳಿಯ ಮಳೆಗಾಲಕ್ಕೆ ಇನ್ನೊಂದು ಮಾತು. ಗಾಳಿಮಳೆಗೆ ಕರೆಂಟ್ ಹೋಗಿ ಟ್ಯೂಬ್‌ಗಳನ್ನು ಅಲುಗಾಡಿಸುವ ಶೇಕರ್ ನಿಂತರೆ ಆ ಬ್ಯಾಚ್‌ನ ಅಂಕಿ ಬಳಸಬೇಡಿ. ಜಿಎಫ್‌ಪಿ ಹೊಳೆಯಲು ಆಮ್ಲಜನಕ ಬೇಕು. ಅಲುಗಾಡದ ಟ್ಯೂಬ್‌ನಲ್ಲಿ ಪ್ರೋಟೀನ್ ತಯಾರಾಗಿದ್ದರೂ ಬೆಳಕು ಕಡಿಮೆ ಬರುತ್ತದೆ. ಸ್ವಿಚ್ ಕೆಟ್ಟಿದೆ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳುತ್ತೀರಿ. ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಪ್ಲೇಟ್‌ಗಳೂ ಬೆವರುತ್ತವೆ. ಶುದ್ಧ ಗಾಳಿಯ ಹುಡ್‌ನಲ್ಲಿ ಚೆನ್ನಾಗಿ ಒಣಗಿಸಿ, ತಲೆಕೆಳಗಾಗಿಡಿ.

ಜಿಎಫ್‌ಪಿಗೆ ಹೊಂದಿದ ಲಿಂಕರ್ ಬೇರೆ ಜೀನ್‌ಗೂ ಹೊಂದುತ್ತದೆ ಅನ್ನುವ ಖಾತ್ರಿ ಇಲ್ಲ. ಈಗ ಒಂದು ಕಿಣ್ವದ ಜೀನ್‌ಗೆ ಹೊಸ ಲಿಂಕರ್‌ಗಳನ್ನು ಪರೀಕ್ಷಿಸುತ್ತಿದ್ದೇನೆ, ಸೋರಿಕೆಯಿಂದಲೇ ಶುರುಮಾಡಿ.