ತಲೆಗೂದಲಿನಲ್ಲಿ ವಿಷಲೋಹ: ಮಾದರಿ ತೆಗೆಯುವ ಕ್ರಮ, ಫಲಿತಾಂಶ ಓದುವ ಕ್ರಮ

ತಲೆಗೂದಲನ್ನು ಲ್ಯಾಬಿಗೆ ಕಳುಹಿಸುವ ಮುನ್ನ ಯಾವ ಲೋಹದ ಮೇಲೆ ಅನುಮಾನ, ಅದು ಯಾವ ದಾರಿಯಿಂದ ದೇಹ ಸೇರಿರಬಹುದು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಏಕೆಂದರೆ ಎಲ್ಲ ಲೋಹಗಳ ವಿಷಯದಲ್ಲೂ ಕೂದಲನ್ನು ಒಂದೇ ಸಮನೆ ನಂಬಲಾಗದು. ಮೀನಿನ ಮೂಲಕ ಬರುವ ಮೀಥೈಲ್ ಪಾದರಸಕ್ಕೆ ಇದು ಬಹಳ ಒಳ್ಳೆಯ ಅಳತೆ. ಕುಡಿಯುವ ನೀರಿನ ಆರ್ಸೆನಿಕ್‌ಗೆ ಎಚ್ಚರಿಕೆಯಿಂದ ಬಳಸಬಹುದು. ಸೀಸಕ್ಕೆ ನೆಚ್ಚಬಾರದು: ಮೈಸೂರಿನ ಬ್ಯಾಟರಿ ಅಂಗಡಿಯಲ್ಲಿ ದುಡಿಯುವವರಾಗಲಿ, ಕಣ್ಣಿಗೆ ಹಚ್ಚಿದ ಕಾಡಿಗೆಯ ಬಗ್ಗೆ ಅನುಮಾನವಿರುವ ಮಗುವಾಗಲಿ, ಸಿರೆಯಿಂದ ತೆಗೆದ ರಕ್ತದಲ್ಲಿಯೇ ಸೀಸವನ್ನು ಅಳೆಸಬೇಕು. ಕ್ಯಾಡ್ಮಿಯಂಗೆ ರಕ್ತ ಮತ್ತು ಮೂತ್ರ, ಪಾದರಸದ ಆವಿಗೆ ಮೂತ್ರ ಸರಿಯಾದ ಮಾದರಿಗಳು.

ಕೂದಲಿನ ಮುಖ್ಯ ಪ್ರೋಟೀನ್ ಆದ ಕೆರಾಟಿನ್‌ನಲ್ಲಿರುವ ಗಂಧಕದ ಅಂಶಕ್ಕೆ ಪಾದರಸ ಮತ್ತು ಆರ್ಸೆನಿಕ್ ಬಿಗಿಯಾಗಿ ಅಂಟುತ್ತವೆ. ಕೂದಲು ಬೆಳೆಯುವಾಗ ಬುಡದ ರಕ್ತದಿಂದ ಸೇರಿದ ಲೋಹ ಮತ್ತೆ ರಕ್ತಕ್ಕೆ ಮರಳುವುದಿಲ್ಲ. ಕೂದಲಿನೊಡನೆ ಮೇಲೆ ಸಾಗುತ್ತದೆ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುವುದರಿಂದ ಬುಡದ ಮೊದಲ 3 ಸೆಂ.ಮೀ. ಸರಿಸುಮಾರು ಕಳೆದ ಮೂರು ತಿಂಗಳನ್ನು ತೋರಿಸುತ್ತದೆ. 1971–72ರಲ್ಲಿ ಇರಾಕಿನಲ್ಲಿ ಪಾದರಸದ ಶಿಲೀಂಧ್ರನಾಶಕ ಲೇಪಿಸಿದ ಬಿತ್ತನೆ ಗೋಧಿಯಿಂದ ರೊಟ್ಟಿ ಮಾಡಿ ತಿಂದು ಸಾವಿರಾರು ಜನ ಆಸ್ಪತ್ರೆ ಸೇರಿದಾಗ, ಮಹಿಳೆಯರ ಉದ್ದಗೂದಲನ್ನು ತುಂಡು ತುಂಡಾಗಿ ಪರೀಕ್ಷಿಸಿಯೇ ವಿಷ ಯಾವ ತಿಂಗಳು ಏರಿತು, ಯಾವಾಗ ಇಳಿಯಿತು ಎಂದು ತಿಳಿದದ್ದು. ರಾಯಚೂರು ಅಥವಾ ಯಾದಗಿರಿಯ ಆರ್ಸೆನಿಕ್ ಇರುವ ಕೊಳವೆಬಾವಿಯ ನೀರು ಕುಡಿದು ಆರು ತಿಂಗಳ ಹಿಂದೆ ಮೈಸೂರಿಗೆ ಕೆಲಸಕ್ಕೆ ಬಂದವರ ಮೂತ್ರದಲ್ಲಿ ಈಗ ಏನೂ ಕಾಣದಿರಬಹುದು, ಆದರೆ ಉದ್ದಗೂದಲಿನ ತುದಿಯ ಭಾಗದಲ್ಲಿ ಕುರುಹು ಉಳಿದಿರಬಹುದು. ನಂಜನಗೂಡಿನಲ್ಲೋ ತಿರುಮಲೆಯಲ್ಲೋ ಇತ್ತೀಚೆಗೆ ಮುಡಿ ಕೊಟ್ಟವರಿಗೆ ಈ ಅನುಕೂಲವಿಲ್ಲ. ಅವರು ಕನಿಷ್ಠ ಮೂರು ತಿಂಗಳು ಕಾಯುವುದೇ ಲೇಸು.

ಮಾದರಿಯನ್ನು ಹಿಂದಲೆಯಲ್ಲಿ, ಕುತ್ತಿಗೆಗಿಂತ ಸ್ವಲ್ಪ ಮೇಲೆ ತೆಗೆಯಬೇಕು, ಏಕೆಂದರೆ ಅಲ್ಲಿನ ಬೆಳವಣಿಗೆ ಹೆಚ್ಚು ಏಕರೂಪವಾಗಿರುತ್ತದೆ. ಬೈತಲೆಯ ಕೂದಲು ಬೇಡವೇ ಬೇಡ, ಕುಂಕುಮವೋ ಸಿಂಧೂರವೋ ಸೋಕಿರುವ ಜಾಗ ಅದು. ಪುಡಿಯಿಲ್ಲದ ಕೈಗವಸು ತೊಟ್ಟು, ಸ್ಪಿರಿಟ್‌ನಲ್ಲಿ ಒರೆಸಿದ ಸ್ಟೇನ್‌ಲೆಸ್ ಸ್ಟೀಲ್ ಕತ್ತರಿಯನ್ನು ಬಳಸಬೇಕು. ಮೇಲಿನ ಪದರದ ಕೂದಲನ್ನು ಕ್ಲಿಪ್ಪಿನಿಂದ ಎತ್ತಿ ಹಿಡಿದು, ಕೆಳಪದರದಿಂದ ಪೆನ್ಸಿಲ್ ದಪ್ಪದ ಒಂದು ಎಳೆಗಟ್ಟನ್ನು ಬೇರ್ಪಡಿಸಿ, ಕತ್ತರಿಸುವ ಮುನ್ನವೇ ಬುಡದ ಬಳಿ ಹತ್ತಿಯ ದಾರದಿಂದ ಬಿಗಿಯಾಗಿ ಕಟ್ಟಿ, ನಂತರ ನೆತ್ತಿಯ ಚರ್ಮಕ್ಕೆ ಎಷ್ಟು ಸಾಧ್ಯವೋ ಅಷ್ಟು ಹತ್ತಿರ ಕತ್ತರಿ ಇಡಬೇಕು. ಕಿತ್ತು ತೆಗೆಯಬಾರದು, ಬಾಚಣಿಗೆಯಲ್ಲಿ ಉದುರಿದ ಕೂದಲೂ ಬೇಡ, ಅದರ ವಯಸ್ಸು ತಿಳಿಯದು. ಕತ್ತರಿಸಿದ ಗಂಟನ್ನು ಬಿಳಿ ಕಾಗದದ ಮೇಲೆ ಮಲಗಿಸಿ, ಬುಡ ಯಾವ ಕಡೆಯೆಂದು ಬಾಣದ ಗುರುತು ಹಾಕಿ, ಕಾಗದದ ಲಕೋಟೆಯಲ್ಲಿ ಒಣ ಜಾಗದಲ್ಲಿಡಬೇಕು. ಫ್ರಿಜ್ ಅಗತ್ಯವಿಲ್ಲ. ಬುಡದ ಗುರುತು ಹೋದರೆ ತಿಂಗಳುಗಳ ಲೆಕ್ಕವೂ ಹೋಯಿತು, ಆಮೇಲೆ ಯಾವ ಯಂತ್ರವೂ ಅದನ್ನು ಮರಳಿ ಕೊಡದು. ಎಷ್ಟು ಕೂದಲು ಬೇಕೆಂದು ಲ್ಯಾಬನ್ನು ಮೊದಲೇ ಕೇಳುವುದು ಒಳ್ಳೆಯದು. ಸಾಮಾನ್ಯವಾಗಿ 100ರಿಂದ 200 ಮಿಲಿಗ್ರಾಂ ಸಾಕಾಗುತ್ತದೆ.

ಲಕೋಟೆಯ ಮೇಲೆ ಹೆಸರಿಗಿಂತ ಮುಖ್ಯವಾಗಿ ಬರೆಯಬೇಕಾದದ್ದು ಕೂದಲಿಗೆ ಹೊರಗಿನಿಂದ ಏನೇನು ತಾಗಿದೆ ಎಂಬುದು. ಬಣ್ಣ, ಮೆಹಂದಿ, ಎಣ್ಣೆ, ಸ್ನಾನಕ್ಕೆ ಬಳಸುವ ಕೊಳವೆಬಾವಿಯ ನೀರು, ಕೆಲಸದ ಜಾಗದ ದೂಳು, ಎಲ್ಲವನ್ನೂ ನಮೂದಿಸಬೇಕು. ತಲೆಹೊಟ್ಟಿನ ಶಾಂಪೂಗಳಲ್ಲಿ ಕೆಲವು ಸತುವನ್ನೂ ಕೆಲವು ಸೆಲೆನಿಯಂ ಅನ್ನೂ ಬಿಟ್ಟುಹೋಗುತ್ತವೆ. ನೀರಿನಲ್ಲಿ ಆರ್ಸೆನಿಕ್ ಇದ್ದರೆ ಅದು ತೊಳೆಯುವಾಗಲೇ ಕೂದಲಿನ ಹೊರಮೈಗೆ ಅಂಟುತ್ತದೆ, ಲ್ಯಾಬಿನಲ್ಲಿ ಅಸಿಟೋನ್ ಮತ್ತು ನೀರಿನಿಂದ ತೊಳೆದರೂ ಹೊರಗಿನದ್ದನ್ನು ಒಳಗಿನದರಿಂದ ಪೂರ್ತಿ ಬೇರ್ಪಡಿಸಲಾಗದು. ಆದ್ದರಿಂದ ಆರ್ಸೆನಿಕ್ ಅನುಮಾನವಿದ್ದಲ್ಲಿ ಕೂದಲಿನ ಜೊತೆಗೆ ಮೂತ್ರ ಮತ್ತು ಮನೆಯ ನೀರು ಎರಡನ್ನೂ ಪರೀಕ್ಷಿಸಬೇಕು. ಮೂತ್ರಪರೀಕ್ಷೆಗೆ ಮುಂಚಿನ ಮೂರ್ನಾಲ್ಕು ದಿನ ಸಮುದ್ರದ ಮೀನು, ಸಿಗಡಿ ತಿನ್ನಬಾರದು.

ಲ್ಯಾಬ್ ಆರಿಸುವಾಗ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ, ಆ ಮಾನ್ಯತೆಯಲ್ಲಿ ಕೂದಲಿನ ಪರೀಕ್ಷೆಯೂ ಸೇರಿದೆಯೇ, ಲೋಹದ ಪ್ರಮಾಣ ಮೊದಲೇ ಗೊತ್ತಿರುವ ಪ್ರಮಾಣಿತ ಕೂದಲಿನ ಪುಡಿಯನ್ನು ನಮ್ಮ ಮಾದರಿಯ ಜೊತೆಗೆ ಅಳೆಯುತ್ತಾರೆಯೇ ಎಂದು ಕೇಳಬೇಕು. 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಒಬ್ಬರೇ ಆರೋಗ್ಯವಂತರ ಕೂದಲನ್ನು ಆರು ಲ್ಯಾಬುಗಳಿಗೆ ಕಳುಹಿಸಿದಾಗ, ಕೆಲವು ಧಾತುಗಳ ಅಂಕೆಗಳು ಒಂದಕ್ಕೊಂದು ಹತ್ತು ಪಟ್ಟಿಗಿಂತ ಹೆಚ್ಚು ಭಿನ್ನವಾಗಿದ್ದವು. ಮೂವತ್ತು ನಲವತ್ತು ಧಾತುಗಳ ಬಣ್ಣದ ಪಟ್ಟಿ ಕೊಟ್ಟು, ಜೊತೆಗೇ ಗುಳಿಗೆಗಳನ್ನೂ ಮಾರುವ ಪ್ಯಾಕೇಜುಗಳಿಂದ ದೂರವಿರುವುದು ವಾಸಿ.

ಪಾದರಸದ ಅಂಕೆ ಓದುವುದು ಸುಲಭ. ಕೂದಲಿನ ಪಾದರಸ ರಕ್ತದಲ್ಲಿರುವುದಕ್ಕಿಂತ ಸುಮಾರು 250 ಪಟ್ಟು ಹೆಚ್ಚಿರುತ್ತದೆ, ಮತ್ತು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸುರಕ್ಷಿತ ಸೇವನೆಯ ಮಟ್ಟ ಕೂದಲಿನಲ್ಲಿ ಗ್ರಾಂಗೆ ಸುಮಾರು 1 ಮೈಕ್ರೋಗ್ರಾಂಗೆ ಸಮ. ಅದಕ್ಕಿಂತ ತುಸು ಮೇಲಿದ್ದರೆ ಅದು ಕಾಯಿಲೆಯಲ್ಲ. ಗರ್ಭಿಣಿಯಾಗಿದ್ದರೆ ಶಾರ್ಕಿನಂಥ ದೊಡ್ಡ ಬೇಟೆಗಾರ ಮೀನು ಬಿಟ್ಟು ಬೂತಾಯಿಯಂಥ ಸಣ್ಣ ಮೀನಿಗೆ ಹೊರಳಬೇಕು. ಆರ್ಸೆನಿಕ್ ಸಾಮಾನ್ಯವಾಗಿ ಗ್ರಾಂಗೆ 1 ಮೈಕ್ರೋಗ್ರಾಂಗಿಂತ ಕೆಳಗಿರುತ್ತದೆ. ಅಂಕೆ ಹೆಚ್ಚಿದ್ದರೆ ವರದಿಯನ್ನು ವೈದ್ಯರಿಗೆ ತೋರಿಸಿ, ರಕ್ತ ಅಥವಾ ಮೂತ್ರದ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಕೂದಲಿನ ವರದಿಯೊಂದನ್ನೇ ಹಿಡಿದು ಲೋಹ ಹೊರಹಾಕುವ ಕೀಲೇಷನ್ ಔಷಧಿ ತೆಗೆದುಕೊಳ್ಳುವುದು ಅಪಾಯಕಾರಿ. ಲೋಹದ ಮೂಲವನ್ನು ನಿಲ್ಲಿಸಿದ ಮೇಲೆ ಮೂರು ತಿಂಗಳು ಬಿಟ್ಟು, ಹಿಂದಲೆಯ ಅದೇ ಜಾಗದ ಪಕ್ಕದಿಂದ ಇನ್ನೊಂದು ಮಾದರಿ ತೆಗೆದು, ಅದೇ ಲ್ಯಾಬಿಗೆ ಕಳುಹಿಸಿ, ಬುಡದ 3 ಸೆಂ.ಮೀ.ಯನ್ನು ಮಾತ್ರ ಅಳೆಸಿ ಹೋಲಿಸಬೇಕು.